ಅವ್ವನ ಆರೋಗ್ಯ ವಿಚಾರಿಸಿದ ವಿಮೆ ಕಂಪನಿ

ಗೆಳೆಯರೇ, ನಮ್ಮವ್ವ ಇವತ್ತು ನಿಜ ಹೇಳಿ ನೇಪಾಳ ಕಳೆದುಕೊಂಡಳು.

ಮನೆಮಂದಿಯೆಲ್ಲ ಪಶುಪತಿನಾಥನ ದರ್ಶನಕ್ಕೆ ಹೊರಟಿದ್ದೆವು. ಪ್ರವಾಸ ವಿಮೆ ಇಲ್ಲದವರನ್ನು ಕರೆದೊಯ್ಯುವುದಿಲ್ಲ ಎಂದರು ಟೂರ್‌ನವರು. ಅವ್ವನಿಗೆ ಸಕ್ಕರೆ ಕಾಯಿಲೆ, ಹೃದಯಕ್ಕೊಂದು ಸ್ಟೆಂಟ್. ಕಾಯಿಲೆ ಇದ್ದವರ ವಿಮೆಗೆ ಪ್ರವಾಸದ ಖರ್ಚಿಗಿಂತ ಹೆಚ್ಚು ಕೇಳುತ್ತಾರೆ. ಕೊಪ್ಪಳದ ಏಜೆಂಟ್ ಅಗ್ಗದ್ದೊಂದನ್ನು ಹುಡುಕಿಕೊಟ್ಟು ಎಚ್ಚರಿಸಿದ್ದ: "ಕಂಪನಿಯಿಂದ ಫೋನ್ ಬರ್ತೈತ್ರಿ. ಯಾವ ಬ್ಯಾನಿನೂ ಇಲ್ಲ ಅನ್ನಾಕ ಹೇಳ್ರಿ ಅಮ್ಮಾರಿಗೆ." ಅವ್ವನಿಗೆ ಪಾಠ ಮಾಡಿಟ್ಟಿದ್ದೆ.

ಮಧ್ಯಾಹ್ನ ಕಂಪನಿಯ ಹುಡುಗಿ ಫೋನ್ ಮಾಡಿದಳು. "ಅಮ್ಮಾ, ಆರಾಮಾಗಿದ್ದೀರಾ? ಏನಾದ್ರೂ ತೊಂದರೆ ಇದೆಯಾ?"

ನಮ್ಮ ಕಡೆ ಯಾರಾದರೂ ಹೀಗೆ ವಿಚಾರಿಸಿದರೆ ಬರೀ ಹೂಂ ಎಂದು ಮಾತು ಮುಗಿಸುವ ರೂಢಿಯಿಲ್ಲ. ಅವ್ವ ಸ್ಟೆಂಟಿನಿಂದ ಶುರು ಮಾಡಿ ಮೊಣಕಾಲಿನವರೆಗೆ ಎಲ್ಲ ಹೇಳಿ, ಕೊನೆಗೆ "ನಿಂದು ಊಟ ಆತೇನವಾ?" ಎಂದೂ ಕೇಳಿದಳು.

ಸಂಜೆಗೆ ಅರ್ಜಿ ತಿರಸ್ಕೃತ.

"ಯಾಕ ಹೇಳಿದಿ ಬೇ?" ಎಂದು ರೇಗಿದೆ.

"ಡಾಕ್ಟರ್ ಸೈತ ಇಷ್ಟು ಸಮಾಧಾನದಿಂದ ಕೇಳಿಲ್ಲಪಾ. ಆಕಿ ಮುಂದ ಸುಳ್ಳು ಹೆಂಗ ಹೇಳ್ಲಿ?"

ಅದೂ ನಿಜವೇ. ಡಾಕ್ಟರು ಔಷಧ ಕೊಡಬೇಕಲ್ಲ, ಅವಸರದಲ್ಲಿರುತ್ತಾರೆ. ಇಲ್ಲ ಎನ್ನಲು ಕಾರಣ ಹುಡುಕುವವರಿಗಷ್ಟೇ ಪುರುಸೊತ್ತು.