ಮರಳುಗಾಡಿನಲ್ಲಿ ಚರಗ

ನಮ್ಮ ಅತ್ತೆಯ ಹಿಮ್ಮಡಿಯ ಬಿರುಕುಗಳಲ್ಲಿ ಎರೆಮಣ್ಣು ಕಾಯಂ ಮನೆ ಮಾಡಿಕೊಂಡಿತ್ತು. ಕಲ್ಲಿನಿಂದ ತಿಕ್ಕಿ ತೊಳೆದರೂ ಆ ಕರಿಗೆರೆಗಳು ಹೋಗುತ್ತಿರಲಿಲ್ಲ. ಶಾರ್ಜಾದ ವಿಮಾನ ನಿಲ್ದಾಣದಲ್ಲಿ, ಮುಖ ಕಾಣುವಷ್ಟು ಹೊಳೆಯುವ ನೆಲದ ಮೇಲೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಅದೇ ಕಾಲುಗಳಲ್ಲಿ ಅವರು ನಡೆದು ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಯಾಕೆಂದು ಕೇಳಿದೆ. ಇಷ್ಟು ಚಂದ ಇಟ್ಟುಕೊಂಡ ನೆಲವನ್ನು ಚಪ್ಪಲಿಗಾಲಲ್ಲಿ ತುಳಿಯಲು ಮನಸ್ಸಾಗಲಿಲ್ಲ ಎಂದರು. ನನ್ನ ಗಂಡ ಸುತ್ತಮುತ್ತ ನೋಡಿ, ಅವರ ಕೈಯಿಂದ ಚಪ್ಪಲಿ ಇಸಿದುಕೊಂಡು ಕಾಲಿಗೆ ಹಾಕಿದ.

ಅತ್ತೆಯದು ಸಂತೆಕಲ್ಲೂರು, ಮಳೆ ನಂಬಿ ಜೋಳ ಬೆಳೆಯುವ ಸೀಮೆ. ನನ್ನ ತವರು ಜವಳಗೇರಾ, ಕಾಲುವೆ ನೀರಿನ ಭತ್ತದ ಊರು. ಎರಡೂ ಊರಿನ ನಡುವೆ ಬಸ್ಸಿನಲ್ಲಿ ಒಂದು ನಿದ್ದೆ ಮುಗಿಯುವಷ್ಟೂ ದಾರಿ ಇಲ್ಲ. ಆದರೆ ಅತ್ತೆಯ ಲೆಕ್ಕದಲ್ಲಿ ನಾನು ಬೇರೆ ದೇಶದವಳು. ಮದುವೆಯಾದ ಹೊಸದರಲ್ಲಿ ಬೀಗರ ಮುಂದೆಯೇ, "ಅನ್ನ ಉಂಡು ಬೆಳದಾಕಿ, ಈಕಿಗೆ ರೊಟ್ಟಿ ಬಡಿಯಾಕ ಬರ್ತೈತೇನು?" ಎಂದು ಕೇಳಿದ್ದರು. ನನ್ನ ರೊಟ್ಟಿಗೆ ಅವರು ಇಟ್ಟ ಹೆಸರು ನಕಾಶೆ. ಒಂದೊಂದು ದಿನ ಅದು ಯಾವ ತಾಲ್ಲೂಕಿನ ನಕಾಶೆ ಎಂದು ಎತ್ತಿ ಹಿಡಿದು ತೋರಿಸಿ, ಆಮೇಲೆ ಅದನ್ನೇ ತಾಟಿಗೆ ಹಾಕಿಕೊಂಡು ಉಣ್ಣುತ್ತಿದ್ದರು. ಬೇರೆಯವರು ನಕ್ಕರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು.

ಅವರದೊಂದು ಪದ್ಧತಿ ಇತ್ತು. ಉಣ್ಣಲು ಕುಳಿತರೆ ಮೊದಲ ತುತ್ತನ್ನು ಬಾಯಿಗೆ ಇಡುತ್ತಿರಲಿಲ್ಲ. ಊರಲ್ಲಾದರೆ ಅಂಗಳಕ್ಕೆ ಎಸೆಯುತ್ತಿದ್ದರು, ಶಾರ್ಜಾದಲ್ಲಿ ನಮ್ಮ ಆರನೇ ಮಹಡಿಯ ಕಿಟಕಿಯ ಅಂಚಿಗೆ ಇಡುತ್ತಿದ್ದರು. "ಒಬ್ಬರಽ ಉಂಡದ್ದು ಮೈಗೆ ಹತ್ತಂಗಿಲ್ಲ" ಎನ್ನುವುದು ಅವರ ಮಾತು. ವಾರ ಕಳೆಯುವುದರಲ್ಲಿ ಆ ಓಣಿಯ ಪಾರಿವಾಳಗಳೆಲ್ಲ ನಮ್ಮ ಕಿಟಕಿಯನ್ನು ಗುರುತು ಹಿಡಿದವು. ಎದುರು ಸಿಕ್ಕವರಿಗೆಲ್ಲ, ಲಿಫ್ಟಿನಲ್ಲಿ ಬಂದ ಅಪರಿಚಿತರಿಗೂ, ಊಟ ಆಯಿತೇ ಎಂದು ಕೇಳುತ್ತಿದ್ದರು. ಊರಿನ ಮುಸಲ್ಮಾನ ನೆರೆಯವರಿಂದ ಕಲಿತ ಉರ್ದು ಅವರಿಗೆ ಅಲ್ಲಿ ಭಾಳ ಉಪಯೋಗಕ್ಕೆ ಬಂತು.

ಅವರು ಬಂದದ್ದು ಊರು ನೋಡಲಿಕ್ಕಲ್ಲ. ನಮ್ಮ ಮಗಳನ್ನು ಕರೆದೊಯ್ಯಲು ಬಂದಿದ್ದರು. ನಾನು ದವಾಖಾನೆಯಲ್ಲಿ ನರ್ಸು, ಗಂಡ ಲಿಫ್ಟ್ ರಿಪೇರಿಯವನು, ಇಬ್ಬರದೂ ಪಾಳಿ ಕೆಲಸ. ಮೂರು ತುಂಬಿದ ಮಗಳು ಒಂದು ದಿನ ಪಕ್ಕದ ಮನೆಯಲ್ಲಿ, ಒಂದು ದಿನ ಕೆಳಗಿನ ಮನೆಯಲ್ಲಿ ಉಂಡು ಮಲಗುತ್ತಿದ್ದಳು. ಶಾಲೆಗೆ ಹಾಕುವ ವಯಸ್ಸಿನವರೆಗೆ ಸಂತೆಕಲ್ಲೂರಿನಲ್ಲಿ ಆಯಿಯ, ಎಂದರೆ ಅಜ್ಜಿಯ, ಹತ್ತಿರ ಇರಲಿ ಎಂದು ತಾಯಿ ಮಗ ಫೋನಿನಲ್ಲೇ ನಿಶ್ಚಯ ಮಾಡಿದ್ದರು. ಮಗುವಿನ ಟಿಕೆಟ್ಟೂ ಆಗಿತ್ತು. ನಾನೂ ಹೂಂ ಅಂದಿದ್ದೆ. ಬೇರೆ ದಾರಿ ನನಗೂ ಕಾಣಲಿಲ್ಲ. ಆದರೆ ಅವಳ ಸಣ್ಣ ಸಣ್ಣ ಅಂಗಿಗಳನ್ನು ಮಡಚಿ ಅತ್ತೆಯ ಪೆಟ್ಟಿಗೆಯಲ್ಲಿ ಇಟ್ಟವಳು, ಮತ್ತೆ ಮತ್ತೆ ಹೊರತೆಗೆದು ಮಡಚುತ್ತಿದ್ದೆ.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮಾಡಿದ ಅಡಿಗೆಯನ್ನೆಲ್ಲ ಕಲಸಿ, ಬೆಳೆಯ ಸುತ್ತ ಎರಚುತ್ತ ಭೂಮಿತಾಯಿಗೆ ಉಣಿಸುತ್ತೇವೆ. ಅದೇ ಚರಗ. ಅದಕ್ಕೆ ಇಬ್ಬರು ಬೇಕು. ಮುಂದಿನವರು ಚರಗ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಿದರೆ, ಹಿಂದಿನವರು ನೀರು ಚಿಮುಕಿಸುತ್ತ "ಚಳಾಂಬ್ರಿಗೋ" ಎಂದು ಓಗೊಡಬೇಕು. ಒಂದೊಂದು ಊರಿನಲ್ಲಿ ಒಂದೊಂದು ಉಚ್ಚಾರ, ಅರ್ಥ ಮಾತ್ರ ಯಾವ ಊರಿನವರಿಗೂ ಗೊತ್ತಿಲ್ಲ. ಕೇಳಿದರೆ, ಕೂಗಿದ್ದು ಭೂಮಿತಾಯಿಗೆ, ಆಕೆಗೆ ತಿಳಿದರೆ ಸಾಕು ಎಂದು ಅತ್ತೆ ಬಾಯಿ ಮುಚ್ಚಿಸುತ್ತಿದ್ದರು.

ಅವತ್ತು ನಸುಕಿನಲ್ಲೇ ಎದ್ದು, ಊರಿಂದ ತಂದ ಹಿಟ್ಟಿನಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬಡಿದಿದ್ದರು. ಎಣ್ಣೆಗಾಯಿ, ಪುಂಡಿಪಲ್ಯ, ಕಡಬು, ಶೇಂಗಾ ಹೋಳಿಗೆ ಎಲ್ಲ ಆಗಿತ್ತು. ನಾನು ಎದ್ದು ಬರುವಾಗ ಚರಗ ಕಲಸಿ, ಬುತ್ತಿ ಕಟ್ಟಿಕೊಂಡು, ಇಳಕಲ್ಲ ಸೀರೆ ಉಟ್ಟು ಬಾಗಿಲ ಬಳಿ ಕುಳಿತಿದ್ದರು. ಇಲ್ಲಿ ಹೊಲ ಎಲ್ಲಿಂದ ತರಲಿ ಎಂದು ಗಂಡ ಗೊಣಗಿದ.

"ಹೊಲ ಇಲ್ಲಂದ್ರ ಬಯಲರ ತೋರಸ್ರಿ. ಇವತ್ತ ನೆಲಕ್ಕ ಉಣಸದ ನಾ ಉಣ್ಣಂಗಿಲ್ಲ."

ಪುಣ್ಯಕ್ಕೆ ಇಬ್ಬರಿಗೂ ರಜೆ ಇತ್ತು. ಶಾರ್ಜಾದಿಂದ ಒಂದು ತಾಸಿನ ದಾರಿಯಲ್ಲಿ ಮರಳುಗಾಡಿನ ಪಾರ್ಕು ಒಂದಿದೆ. ಹಳೆಗಾಲದ ಗೋರಿಗಳು, ಒಂದು ವಸ್ತುಸಂಗ್ರಹಾಲಯ, ಮರಳಗುಡ್ಡದ ಮೇಲೆ ಓಡಿಸುವ ಗಾಡಿಗಳು, ಹಲಗೆಯ ಮೇಲೆ ಕುಳಿತು ಜಾರುವ ಆಟ ಎಲ್ಲ ಅಲ್ಲಿವೆ. ಹೇಗೂ ಮಗು ಹೋಗುವ ಮೊದಲು ಒಂದು ಸಲ ಆಡಿಸಿಕೊಂಡು ಬರೋಣ ಎಂದು ಗಂಡ ಅಲ್ಲಿಗೇ ಕಾರು ಹೊಡೆದ.

ಕಾರಿನಿಂದ ಇಳಿದವರೇ ಅತ್ತೆ ಕೆಂಪು ಮರಳನ್ನು ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿದರು. ಎದುರಿನ ಬೋಳು ಕಲ್ಲುಗುಡ್ಡವನ್ನು ನೋಡಿ, ಇದು ನಮ್ಮ ಮಸ್ಕಿ ಗುಡ್ಡದ ತಮ್ಮ ಎಂದರು. ನಾವು ಹಿಂದೆ ಬುತ್ತಿ ಇಳಿಸುತ್ತಿದ್ದೆವು. ಅಷ್ಟರಲ್ಲಿ ಅವರು ಮಗುವಿನ ಕೈ ಹಿಡಿದುಕೊಂಡು ಮುಂದೆ ಹೋಗಿ ಒಂದು ಕಡೆ ನಿಂತುಬಿಟ್ಟಿದ್ದರು. ದುಂಡಗೆ ಕಟ್ಟಿದ ಗಿಡ್ಡ ಕಲ್ಲಿನ ಗೋಡೆ, ಒಳಗೆ ಸಣ್ಣ ಸಣ್ಣ ಅಡ್ಡಗೋಡೆಗಳು, ಸುತ್ತ ಹಗ್ಗ. ಅತ್ತೆಯ ಮುಖದಲ್ಲಿ ಅಂಥ ಖುಷಿಯನ್ನು ನಾನು ಆ ದೇಶದಲ್ಲಿ ಅವತ್ತೇ ಮೊದಲು ಕಂಡೆ.

"ಕಣ ನೋಡವ್ವ. ಈ ದೇಶದಾಗೂ ಒಕ್ಕಲಿ ಮಂದಿ ಇದ್ರು. ಒಂದರಾಗ ಜ್ವಾಳದ ರಾಶಿ, ಒಂದರಾಗ ತೊಗರಿ. ಎಷ್ಟು ಅಚ್ಚುಕಟ್ಟ ಮಾಡ್ಯಾರ."

ತೆನೆ ಒಕ್ಕುವ ಕಣದ ಹತ್ತಿರ ನಮ್ಮ ಕಡೆ ಚಪ್ಪಲಿಯಲ್ಲಿ ಹೋಗುವಂತಿಲ್ಲ. ತಮ್ಮ ಚಪ್ಪಲಿ ಬಿಟ್ಟರು, ಮಗುವಿನ ಬೂಟನ್ನೂ ಬಿಚ್ಚಿಸಿದರು. ಪಕ್ಕದ ಬೋರ್ಡಿನಲ್ಲಿ ಗೋರಿ ಎಂದು ಬರೆದದ್ದನ್ನು ನಾನು ಓದಿ ಮುಗಿಸುವುದರೊಳಗೆ ಅತ್ತೆ ನನ್ನ ಕೈಯಿಂದ ಚರಗದ ಪಾತ್ರೆ ಇಸಿದುಕೊಂಡು, ಸೊಂಟಕ್ಕೆ ಇಟ್ಟುಕೊಂಡು, ಹಗ್ಗದ ಹೊರಗಿನಿಂದ ಸುತ್ತು ಬರುತ್ತ, ಸಂತೆಕಲ್ಲೂರಿನ ಹೊಲದ ಆಚೆ ಬದುವಿಗೆ ಕೇಳುವಷ್ಟು ಗಟ್ಟಿಯಾಗಿ "ಹುಲ್ಲುಲ್ಲಿಗೋ" ಎಂದು ಕೂಗಿ, ಮೊದಲ ಹಿಡಿ ಒಳಗೆ ಚೆಲ್ಲಿಯೇಬಿಟ್ಟರು. ಕ್ಯಾಮೆರಾ ಹಿಡಿದ ಪ್ರವಾಸಿಗರೆಲ್ಲ ತಿರುಗಿ ನಿಂತರು.

"ಬೇ, ಸಾಕು ಬಾ ಬೇ. ಮಂದಿ ನೋಡಾಕತ್ತಾರ," ಎಂದು ಗಂಡ ತಾಯಿಗೆ ಪಿಸುಗುಟ್ಟಿದ. ಅತ್ತೆ ಅವನತ್ತ ನೋಡಲಿಲ್ಲ. ಮತ್ತೊಮ್ಮೆ ಕೂಗಿ, ಓಗೊಡುವವರಿಗಾಗಿ ಕಾದು ನಿಂತರು. ಓಗೊಡಬೇಕಾದವಳು ನಾನು, ಮಂದಿಗೆ ನಾಚಿ ಗಂಡನ ಹಿಂದೆ ಸರಿದೆ. ಆಗ ನನ್ನ ಮಗಳು ನೀರಿನ ಬಾಟಲಿ ಅಲ್ಲಾಡಿಸುತ್ತ ಆಯಿಯ ಹಿಂದೆ ಓಡಿದಳು. ಮನೆಯಲ್ಲಿ ಆಯಿ ಯಾವಾಗ ಕಲಿಸಿದ್ದರೋ ಏನೋ, ಕೀರಲು ದನಿಯಲ್ಲಿ "ಚಳಾಂಬ್ಲಿಗೋ" ಅಂದಳು.

ಮೂರನೆಯ ಕೂಗಿಗೆ ಕಾವಲುಗಾರ ಓಡಿ ಬಂದ. ಬಿಳಿ ಗಡ್ಡದ, ಉರ್ದು ಮಾತಿನ ಮನುಷ್ಯ. ಅವನು ಬಾಯಿ ತೆರೆಯುವ ಮೊದಲೇ ಅತ್ತೆ, "ಕ್ಯಾ ಬಾಬಾ, ಖಾನಾ ಖಾಯೇ ಕ್ಯಾ?" ಎಂದು ಕೇಳಿಬಿಟ್ಟರು. ಅವನ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು. ಹಣೆ ಚಚ್ಚಿಕೊಂಡು, ಇದು ಸಾವಿರಾರು ವರ್ಷದ ಹಿಂದಿನ ಗೋರಿ, ಇಲ್ಲಿ ಏನೂ ಚೆಲ್ಲಬಾರದಮ್ಮಾ ಎಂದ. ಅತ್ತೆ ಹಗ್ಗದಾಚೆಯ ಗೋಡೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೈ ಕುಲುಕುವ ಹಾಗೆ ನಗತೊಡಗಿದರು. ಕಣ್ಣಲ್ಲಿ ನೀರು ಬಂತು. ಅವರ ನಗು ಕಂಡು ಕಾವಲುಗಾರನೂ ನಕ್ಕ. ಹಗ್ಗ ದಾಟಿ ಹೋಗಿ ಚರಗವನ್ನೆಲ್ಲ ಅವನೇ ಜಾಗ್ರತೆಯಿಂದ ಆರಿಸಿ ತಂದು ಅತ್ತೆಯ ಪಾತ್ರೆಗೆ ಹಾಕಿದ. ಅತ್ತೆ ಅದನ್ನು ದೂರದ ಬಯಲಿಗೆ ಒಯ್ದು ಚೆಲ್ಲಿ ಬಂದರು. ಅಷ್ಟಾದ ಮೇಲೆ ಅವನನ್ನು ಉಣ್ಣಿಸದೆ ಬಿಡುವ ಪೈಕಿ ಅವರಲ್ಲ.

ನೆರಳಿದ್ದ ಕಡೆ ಚಾಪೆ ಹಾಸಿ ಕುಳಿತೆವು. ಶೇಂಗಾ ಹೋಳಿಗೆ ಮುರಿಯುತ್ತ ಅವನು, ಅಲ್ಲಿನ ಗೈಡುಗಳ ಬಾಯಲ್ಲಿ ದಿನಾ ಕೇಳಿದ್ದನ್ನು ಹೇಳಿದ. ಆ ಕಾಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೋರಿ ಇರಲಿಲ್ಲವಂತೆ. ಒಂದು ಬಳಗದವರನ್ನೆಲ್ಲ, ತಲೆಮಾರುಗಟ್ಟಲೆ, ಅದೊಂದರಲ್ಲೇ ಇಡುತ್ತಿದ್ದರಂತೆ. ಕೂಸುಗಳನ್ನೂ ಇಡುತ್ತಿದ್ದರೇ ಎಂದು ಅತ್ತೆ ಕೇಳಿದರು. ಕೂಸುಗಳನ್ನೂ ದೊಡ್ಡವರ ಜೊತೆಗೇ ಇಡುತ್ತಿದ್ದರು ಎಂದ. ಆಮೇಲೆ ನನ್ನ ಮಗಳ ಕಡೆ ನೋಡಿ, ತಾನು ಊರು ಬಿಟ್ಟಾಗ ತನ್ನ ಮಗಳೂ ಇಷ್ಟೇ ಇದ್ದಳು ಎಂದ. ಈಗ ಫೋನು ಮಾಡಿದರೆ ಮಾತಾಡಲು ಹತ್ತಿರ ಬರುವುದಿಲ್ಲ, ಯಾರೋ ಬೇರೆಯವರು ಎಂದು ಬಾಗಿಲ ಹಿಂದೆ ನಿಲ್ಲುತ್ತಾಳೆ ಎಂದು ನಗುತ್ತಲೇ ಹೇಳಿದ. ಅತ್ತೆ ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದರು. ನನ್ನ ಮುಖವನ್ನು ಒಮ್ಮೆ ನೋಡಿದರು.

ಸಂಜೆ ಮಗಳು ಜಾರಬೇಕೆಂದು ಹಟ ಹಿಡಿದಳು. ಒಬ್ಬಳನ್ನೇ ಬಿಡುವಂತಿರಲಿಲ್ಲ. ಗಂಡ ಬೂಟು ಬಿಚ್ಚುತ್ತಿರುವಾಗಲೇ ಅತ್ತೆ ಕಚ್ಚೆ ಬಿಗಿದು, ಮರಳಗುಡ್ಡ ಹತ್ತಿ, ಹಲಗೆಯ ಮೇಲೆ ಚಕ್ಕಳ ಬಕ್ಕಳ ಕುಳಿತು, ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಾಗಿತ್ತು. ಬೇಡ ಎನ್ನುವಷ್ಟರಲ್ಲಿ ಹಲಗೆ ಜಾರಿತು. ಇಳಿಜಾರಿನ ಉದ್ದಕ್ಕೂ ಆಯಿ "ಹುಲ್ಲುಲ್ಲಿಗೋ" ಎನ್ನುವುದು, ಮೊಮ್ಮಗಳು "ಚಳಾಂಬ್ಲಿಗೋ" ಎನ್ನುವುದು. ಕೆಳಗೆ ಬಂದು ಇಬ್ಬರೂ ಉರುಳಿಬಿದ್ದರು. ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಅತ್ತೆ ಬಾಯಲ್ಲಿದ್ದ ಮರಳು ಉಗುಳಿ, ಮಗುವನ್ನು ಎತ್ತಿ ನನ್ನ ಬಗಲಿಗೆ ಕೊಟ್ಟರು.

"ಈಕಿನ್ನ ನಾ ಒಯ್ಯಂಗಿಲ್ಲ," ಅಂದರು.

ಟಿಕೀಟು ಆಗೈತಿ ಎಂದು ಗಂಡ ತೊದಲಿದ.

"ಆಗಿದ್ರ ರದ್ದ ಮಾಡಸು. ಕೂಸು ಬೆಳಸೋದು ಈಕಿ ಒಬ್ಬಾಕಿದೇನು? ಈಕಿ ರಾತ್ರಿ ಡ್ಯೂಟಿ ಇದ್ರ ನೀ ಹಗಲಿಂದು ಮಾಡು. ರೊಟ್ಟಿ ಬಡಿಯಾಕ ನಾ ಕಲಸ್ತೀನಿ."

ಕಲಿಸಿಯೇ ಕಲಿಸಿದರು. ಉಳಿದ ದಿನಗಳಲ್ಲಿ ನಮ್ಮ ಅಡಿಗೆಮನೆ ಒಂದು ಶಾಲೆಯಾಯಿತು. ರೊಟ್ಟಿ ಬಡಿಯುವುದು, ಮಗುವಿಗೆ ನೀರು ಎರೆಯುವುದು, ಎರಡು ಜಡೆ ಹಾಕುವುದು, ಎಲ್ಲದರಲ್ಲೂ ಮಗನನ್ನು ತಿದ್ದಿದರು. ಅವನ ಮೊದಲ ರೊಟ್ಟಿ ಕಂಡಾಗ, ನನ್ನದು ತಾಲ್ಲೂಕಿನ ನಕಾಶೆಯಾದರೆ ಇವನದು ಇಡೀ ಜಿಲ್ಲೆಯದು ಎಂದು ನನ್ನ ಕಡೆ ಕಣ್ಣು ಹೊಡೆದರು. ಅವನು ತನ್ನ ಮೇಲಿನವರಿಗೆ ಹೇಳಿ ಪಾಳಿ ಬದಲಾಯಿಸಿಕೊಂಡ. ಅತ್ತೆ ಊರಿಗೆ ಹೊರಟ ದಿನ ಹಿಮ್ಮಡಿಯ ಕರಿಗೆರೆಗಳ ನಡುವೆ ಕೆಂಪು ಮರಳು ಇನ್ನೂ ಕಾಣುತ್ತಿತ್ತು. ತೊಳೆದುಕೊಳ್ಳಿ ಎಂದರೆ, ನಮ್ಮೂರ ಮಂದಿ ನೋಡಲಿ ಬಿಡು ಎಂದರು. ಪೆಟ್ಟಿಗೆಯಲ್ಲಿದ್ದ ಸಣ್ಣ ಅಂಗಿಗಳನ್ನು ತಾವೇ ತೆಗೆದು ಕಪಾಟಿನಲ್ಲಿ ಇಟ್ಟು ಹೋಗಿದ್ದರು.

ಆಮೇಲೆ ಎರಡು ಸಲ ಬಂದು ಹೋದರು. ಬಂದಾಗಲೆಲ್ಲ ಆ ಕಾವಲುಗಾರನಿಗೆ ಶೇಂಗಾ ಹೋಳಿಗೆಯ ಡಬ್ಬಿ ಇರುತ್ತಿತ್ತು. ಎರಡನೆಯ ಸಲ ಹೋದಾಗ ಅವನು ಕೆಲಸ ಬಿಟ್ಟು ಊರಿಗೆ ಹೋಗಿದ್ದಾನೆ ಎಂದು ತಿಳಿಯಿತು. ಅತ್ತೆ ಆ ಡಬ್ಬಿಯನ್ನು ಅಲ್ಲಿದ್ದವರಿಗೆಲ್ಲ ಹಂಚಿ ಸಂತೋಷಪಟ್ಟರು. ಹೋದ ವರ್ಷ ಊರಿನಲ್ಲಿ, ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಒರಗಿದವರು ಮತ್ತೆ ಏಳಲಿಲ್ಲ. ಅವರ ಹೊಲದಲ್ಲೇ, ಮಾವನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಈ ಸಲದ ಎಳ್ಳಮಾವಾಸ್ಯೆಗೆ ರಜೆ ಹಾಕಿ ಸಂತೆಕಲ್ಲೂರಿಗೆ ಬಂದೆವು. ಸಜ್ಜೆರೊಟ್ಟಿ ಬಡಿದವನು ನನ್ನ ಗಂಡ. ದುಂಡಗೆ ಬಂದಿದ್ದವು. ಜೋಳ ಎದೆಮಟ್ಟ ನಿಂತಿತ್ತು. ಬದುವಿನ ಹತ್ತಿರ ಮಗಳು ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು, ಚರಗದ ಪಾತ್ರೆ ಸೊಂಟಕ್ಕೆ ಇಟ್ಟುಕೊಂಡು ಮುಂದೆ ಹೊರಟಳು. ಆಯಿಯ ಗೋರಿಯ ಮೇಲೆ ಮೊದಲ ಹಿಡಿ ಚೆಲ್ಲಿ, ಆಚೆ ಬದುವಿಗೆ ಕೇಳುವಷ್ಟು ಗಟ್ಟಿಯಾಗಿ "ಹುಲ್ಲುಲ್ಲಿಗೋ" ಎಂದು ಕೂಗಿದಳು. ಓಗೊಡುವವರು ಇದ್ದಾರೋ ಇಲ್ಲವೋ ಎಂದು ಹಿಂದೆ ತಿರುಗಿ ನೋಡಿದಳು. ನೀರಿನ ತಂಬಿಗೆ ಹಿಡಿದು ನಾನಿದ್ದೆ.