ಪಾನ್ ಎಂಬ ರೊಟ್ಟಿ, ಪಾನ್ ಎಂಬ ಯಜಮಾನ

ಮೊನ್ನೆ ನಮ್ಮವರದೇ ಒಂದು ಮದುವೆಯಲ್ಲಿ ಮಡಿವಂತರೆನಿಸಿಕೊಂಡವರೆಲ್ಲ ತಟ್ಟೆ ಹಿಡಿದು ಪಾವ್ ಭಾಜಿಗೆ ಸಾಲು ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಊಟ ಮಾಡದೆ ಎದ್ದು ಬಂದೆ. ಅಜ್ಜಿಗೆ ಪಾವ್ ಒಗ್ಗುವುದಿಲ್ಲ ಎಂದು ಮೊಮ್ಮಕ್ಕಳು ಮಾತಾಡಿಕೊಂಡರು. ಪಾವ್ ನನಗೆ ಚೆನ್ನಾಗಿಯೇ ಒಗ್ಗುತ್ತದೆ. ಒಗ್ಗದಿರುವುದು ಆ ಸಾಲು.

ಐವತ್ತರ ದಶಕದಲ್ಲಿ ಮುಂಬಯಿಯ ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರ ಅಪ್ಪನ ಉಡುಪಿ ಹೋಟೆಲಿತ್ತು. ನಾನು ಫೋರ್ಟ್ ಎಂಬ ಆಫೀಸುಗಳ ಪೇಟೆಯಲ್ಲಿ, ಹಡಗಿನ ಸರಕು ತರಿಸುವ ಕಂಪನಿಯೊಂದರಲ್ಲಿ ಟೈಪಿಸ್ಟ್. ಮ್ಯಾಟ್ರಿಕ್ ಆದ ಮಗಳು ದಿನಾ ಲೋಕಲ್ ರೈಲು ಹತ್ತಲು ಅಪ್ಪ ಒಪ್ಪಿದ್ದೇ ದೊಡ್ಡದಾಗಿತ್ತು. ಆ ಕೆಲಸ ನನಗೆ ಪ್ರಾಣ. ಅಲ್ಲಿ ನಾನು ಯಾರ ಮಗಳೂ ಅಲ್ಲ, ಯಾರಿಗೋ ತೋರಿಸಬೇಕಾದ ಹೆಣ್ಣೂ ಅಲ್ಲ.

ನನ್ನ ಪಕ್ಕದ ಮೇಜಿನಲ್ಲಿ ಬಾಂದ್ರಾದ ಕ್ರಿಶ್ಚಿಯನ್ ಗೆಳತಿ ಕೂರುತ್ತಿದ್ದಳು. ಯುರೋಪಿನ ಒಂದೊಂದು ಬಂದರಿನಿಂದ ಒಂದೊಂದು ಭಾಷೆಯ ಕಾಗದ ಬರುತ್ತಿತ್ತು. ಕಪಾಟಿನ ಪದಕೋಶಗಳನ್ನು ಕೆದಕಿ ಇಂಗ್ಲಿಷಿಗೆ ತರುವುದು ನಮ್ಮಿಬ್ಬರ ಪಾಲಿಗೆ ಬಂದಿತ್ತು. ನಮ್ಮನ್ನು ಹೆಚ್ಚು ಆಟವಾಡಿಸಿದ್ದು ಒಂದು ಪುಟ್ಟ ಪದ, ಅವರ ಲಿಪಿಯಲ್ಲಿ ಮೂರೇ ಅಕ್ಷರ. ಇಂಗ್ಲಿಷಿನಲ್ಲಿ ಅದು ಪ್ಯಾನ್, ಬಾಣಲೆ. ಸ್ಪೇನಿನವರಿಗೆ ಪಾನ್ ಎಂದರೆ ರೊಟ್ಟಿ. ಅದು ಲ್ಯಾಟಿನ್ನಿನ ಪಾನಿಸ್‌ನಿಂದ ಬಂದದ್ದು, ಬಾಣಲೆಯ ನೆಂಟಸ್ತಿಕೆ ಅದಕ್ಕಿಲ್ಲ. ಗ್ರೀಕರಿಗೆ ಪಾನ್ ಎಂದರೆ ‘ಎಲ್ಲ’. ಪೋಲೆಂಡಿನ ಕಾಗದಗಳಲ್ಲಿ ಗಂಡಸರ ಹೆಸರಿನ ಮುಂದೆಲ್ಲ ಪಾನ್ ಇರುತ್ತಿತ್ತು. ಅಲ್ಲಿ ಅದು ಶ್ರೀಮಾನ್, ಯಜಮಾನ. ಅದರ ಮೂಲ ಪಂಡಿತರಿಗೂ ಖಚಿತವಿಲ್ಲವೆಂದು ಪದಕೋಶವೇ ಒಪ್ಪಿಕೊಂಡಿತ್ತು. ಯಜಮಾನರ ವಿಷಯವೇ ಹಾಗೆ, ಎಲ್ಲಿಂದ ಬಂದಿರಿ ಎಂದು ಯಾರೂ ಕೇಳುವ ಹಾಗಿಲ್ಲ.

ಗೆಳತಿಯ ಅಜ್ಜಿ ಪೋರ್ಚುಗೀಸ್ ಮಾತಾಡುತ್ತಿದ್ದರಂತೆ. ಅವರ ರೊಟ್ಟಿಯ ಹೆಸರೂ ಅದೇ ಲ್ಯಾಟಿನ್ ಬೇರಿನದು. ಆ ಹೆಸರೇ ಹಡಗು ಹತ್ತಿ ಮುಂಬಯಿಗೆ ಬಂದು ಪಾವ್ ಆಯಿತು. ಒಂದು ಮಧ್ಯಾಹ್ನ ಅವಳು ಬೆಣ್ಣೆ ಸವರಿದ ಪಾವನ್ನು ಮುರಿದು ಅರ್ಧ ನನ್ನ ಕಡೆ ಚಾಚಿದಳು. ಕಂಪಾನಿಯನ್ ಎಂದರೆ ಮೂಲದಲ್ಲಿ ಜೊತೆಗೆ ಕೂತು ರೊಟ್ಟಿ ತಿನ್ನುವವರು, ಕಂಪನಿಯೂ ಅದರಿಂದಲೇ ಬಂದದ್ದು ಎಂದು ತಿಳಿಸಿ, “ಅಬ್ ಖಾ ಲೇ” ಎಂದಳು.

ಪಾವಿನ ಹಿಟ್ಟನ್ನು ಕಾಲಲ್ಲಿ ತುಳಿದು ನಾದುತ್ತಾರೆ, ಕಳ್ಳು ಸುರಿದು ಹುಳಿ ಬರಿಸುತ್ತಾರೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಾನು ತಿಂದೆ. ರುಚಿಯಾಗಿತ್ತು. ಅವಳು ನನ್ನ ಮೊಸರವಲಕ್ಕಿ ತಿಂದಳು. ಅಲ್ಲಿಂದ ಅದೇ ರೂಢಿಯಾಯಿತು.

ಒಂದು ಸಂಜೆ ಅಮ್ಮ ನನ್ನ ಡಬ್ಬಿಯಲ್ಲಿ ಪಾವಿನ ಚೂರು ಕಂಡು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಪ್ಪ ಉಣ್ಣುತ್ತಿದ್ದ ಎಲೆಯ ಮುಂದಿನಿಂದ ಎದ್ದುಬಿಟ್ಟರು.

“ನಿಂಗೆ ಮಂಡೆ ಸಮ ಉಂಟಾ? ನಾಳೆಯಿಂದ ಕಂಪನಿಯೂ ಬೇಡ, ಎಂತದೂ ಬೇಡ. ಊರವರಿಗೆ ಗೊತ್ತಾದ್ರೆ ನಿನ್ನನ್ನು ಯಾರು ಮದುವೆ ಆಗುದು?”

ಪುರೋಹಿತರನ್ನು ಕರೆಸಿ ನನಗೆ ಪಂಚಗವ್ಯ ಕುಡಿಸಿದರು. ಸಗಣಿ, ಗೋಮೂತ್ರ ಎಲ್ಲ ಸೇರಿದ್ದನ್ನು ಉಸಿರು ಬಿಗಿಹಿಡಿದು ನುಂಗಿದೆ. ಶುದ್ಧಳಾದರೆ ಕೆಲಸಕ್ಕೆ ಬಿಟ್ಟಾರು ಎಂಬ ಆಸೆ ಇತ್ತು. ಬಿಡಲಿಲ್ಲ. ಹಿತ್ತಲಿಲ್ಲದ ಆ ಚಾಳಿನ ಎರಡು ಕೋಣೆಯಲ್ಲಿ ಅಕ್ಕಿ ಆರಿಸುತ್ತ, ಲೋಕಲ್ ಹೋಗುವ ಸದ್ದು ಕೇಳುತ್ತ ಕೂತೆ. ಅತ್ತಿದ್ದು ಕಡಿಮೆ, ಹಲ್ಲು ಕಚ್ಚಿದ್ದೇ ಹೆಚ್ಚು.

ಅಷ್ಟರಲ್ಲಿ ಕಾಲೇಜಿನ ಹುಡುಗರು ಹೋಟೆಲಿನಲ್ಲಿ ಚಹಾದ ಜೊತೆ ಪಾವ್ ಮಸ್ಕಾ, ಅಂದರೆ ಬೆಣ್ಣೆ ಸವರಿದ ಪಾವ್, ಕೇಳತೊಡಗಿದರು. ಇಲ್ಲವೆಂದರೆ ಎದುರಿನ ಇರಾನಿ ಹೋಟೆಲಿಗೆ ನಡೆಯುತ್ತಿದ್ದರು. ಅಪ್ಪ ಕೆಲವು ವಾರ ಗೊಣಗಿದರು, ಆಮೇಲೆ ಒಂದು ಉಪಾಯ ಹೂಡಿದರು. ಪಾವ್ ಅಡುಗೆಮನೆಯೊಳಗೆ ಬರಬಾರದು. ಹೊರಗೆ ಹಲಗೆಯ ಮರೆ ಕಟ್ಟಿ, ಅಲ್ಲಿ ತಗಡಿನ ಡಬ್ಬ, ಬೇರೆ ಚಾಕು, ಬೇರೆ ಬಸಿ, ಎತ್ತಿಕೊಳ್ಳಲು ಇಕ್ಕಳ. ಎಲ್ಲ ಸಿದ್ಧವಾಯಿತು, ಆದರೆ ಮುಟ್ಟುವವರಿಲ್ಲ. ಕೆಲಸದವರೆಲ್ಲ ನಮ್ಮೂರಿನವರೇ. ಪಾವ್ ಮುಟ್ಟಿದ ಕೈಯಲ್ಲಿ ಇಡ್ಲಿ ಹಿಟ್ಟು ಮುಟ್ಟುವುದು ಹೇಗೆಂದು ಒಬ್ಬರಾದ ಮೇಲೊಬ್ಬರು ಹಿಂದೆ ಸರಿದರು.

ಅಪ್ಪ ಮನೆಗೆ ಬಂದವರು ನನ್ನ ಮುಖ ನೋಡದೆ ಹೇಳಿದರು: “ನೀನು ಹೋಟೆಲಿಗೆ ಬಾ. ಮರೆಯಲ್ಲಿ ನಿಂತು ಬೆಣ್ಣೆ ಹಾಕಿ ಕೊಟ್ರೆ ಸಾಕು. ನೀನು ಹೇಗೂ ತಿಂದವಳಲ್ವಾ.”

“ಹಾಗಾದ್ರೆ ಪಂಚಗವ್ಯ ಕುಡಿಸಿದ್ದು ಎಂತಕ್ಕೆ?”

“ಅದು ಮನೆಗೆ. ಇದು ವ್ಯಾಪಾರ.”

ಇಂದಿಗೂ ಆ ಮಾತು ನೆನೆದರೆ ಮೈ ಉರಿಯುತ್ತದೆ. ಮದುವೆಯಾಗಲು ನಾನು ಶುದ್ಧಳು, ಬೆಣ್ಣೆ ಸವರಲು ಕೆಟ್ಟವಳು. ಆದರೂ ಹೋದೆ, ಚಾಳಿನ ಗೋಡೆ ನೋಡುವುದಕ್ಕಿಂತ ಅದು ವಾಸಿ ಎಂದು. ತಿಂಗಳುಗಟ್ಟಲೆ ಹಲಗೆಯ ಹಿಂದೆ ನಿಂತು ಪಾವ್ ಸೀಳಿದೆ. ನಾನು ಬಸಿ ಇಡುತ್ತಿದ್ದ ಕಿಂಡಿಯಲ್ಲಿ ಗಿರಾಕಿಗಳಿಗೆ ನನ್ನ ಕೈ ಮಾತ್ರ ಕಾಣುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಗೆಳತಿ ನನ್ನನ್ನು ಹುಡುಕಿಕೊಂಡು ಹೋಟೆಲಿಗೆ ಬಂದಳು. ಮರೆಯ ಬಳಿ ಬಗ್ಗಿ, ಕಂಪನಿಯಲ್ಲಿ ಒಂದು ಮೇಜು ಖಾಲಿಯಾಗಿದೆ, ಸೋಮವಾರ ಬಂದರೆ ನಿನಗೇ ಸಿಗುತ್ತದೆ ಎಂದಳು. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ. ತುಂಬಿದ ಹೋಟೆಲಿನ ನಡುವೆ ಅವಳೆದುರು ಕುರ್ಚಿ ಎಳೆದುಕೊಂಡು ಕೂತು, ಗಿರಾಕಿಯಂತೆ ಹೇಳಿದೆ: “ಎರಡು ಪಾವ್ ಮಸ್ಕಾ.”

ಯಾರೂ ಅಲ್ಲಾಡಲಿಲ್ಲ. ಜನ ತಿರುಗಿ ನೋಡತೊಡಗಿದರು. ಅಪ್ಪ ಗಲ್ಲಾದಿಂದ ಎದ್ದು ಒಬ್ಬೊಬ್ಬ ಕೆಲಸದವನ ಮುಖ ನೋಡಿದರು. ಎಲ್ಲರೂ ನೆಲ ನೋಡಿದರು. ಕೊನೆಗೆ ಅವರೇ ಮರೆಯ ಹಿಂದೆ ಹೋದರು. ಇಕ್ಕಳದಲ್ಲಿ ಹಿಡಿದರೆ ಪಾವ್ ಸೀಳಲು ಬರುವುದಿಲ್ಲ, ಅದು ನನಗೆ ಗೊತ್ತಿತ್ತು. ಅವರು ಕೈಯಿಂದಲೇ ಹಿಡಿದು ಸೀಳಿ, ಬೆಣ್ಣೆ ಸವರಿ, ಎರಡು ಬಸಿ ತಂದಿಟ್ಟರು. ಬೆರಳಿಗೆ ಬೆಣ್ಣೆ ಮೆತ್ತಿತ್ತು.

“ಮನೆಗೆ ಹೋಗಿ ಪಂಚಗವ್ಯ ತಗೊಳ್ಳಿ. ನಾನು ಸೋಮವಾರದಿಂದ ಕಂಪನಿಗೆ ಹೋಗ್ತೇನೆ,” ಎಂದೆ.

ನಾನು ಸೋಮವಾರ ಲೋಕಲ್ ಹತ್ತಿದೆ. ಅಪ್ಪ ತಾವು ಪಾವ್ ಮುಟ್ಟಿದ ದಿನ ಪುರೋಹಿತರನ್ನು ಕರೆಸಲಿಲ್ಲ, ಆಮೇಲೂ ಕರೆಸಲಿಲ್ಲ. ಹಲಗೆಯ ಮರೆ ತೆಗೆಸಿ, ಪಾವಿನ ಡಬ್ಬವನ್ನು ಗಲ್ಲಾದ ಪಕ್ಕದಲ್ಲೇ ಇಟ್ಟುಕೊಂಡರು. ಅವರು ಮುಟ್ಟಿದ ಮೇಲೆ ಅದು ಯಾರಿಗೂ ಮೈಲಿಗೆಯಾಗಿ ಉಳಿಯಲಿಲ್ಲ. ಪಂಚಗವ್ಯ ಕುಡಿದವಳು ನಾನೊಬ್ಬಳೇ.