ಎರೆಮಣ್ಣಿನಲ್ಲಿ ಡಿಸ್ಕ್ ಬ್ರೇಕು

೨೦೦೮ರಲ್ಲಿ ನನಗೆ ನಲವತ್ತೊಂದು ವರ್ಷ. ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ವ್ಯಾಕರಣವನ್ನು ಕಲಿಸುತ್ತಿದ್ದ ನಾನು ಆ ಮಳೆಗಾಲದಲ್ಲಿ ಡಿಸ್ಕ್ ಬ್ರೇಕಿನ ಸೈಕಲ್ಲೊಂದನ್ನು ಕೊಂಡೆನು. ಚಕ್ರದ ನಡುವೆ ತೆಳ್ಳನೆಯ ಉಕ್ಕಿನ ತಟ್ಟೆ. ಅದನ್ನು ಎರಡು ಪುಟ್ಟ ಪ್ಯಾಡುಗಳು ಅಮುಕಿ ಹಿಡಿಯುತ್ತವೆ. ಕೆಸರು ರಿಮ್ಮಿಗೆ ಮೆತ್ತಿದರೂ ತಟ್ಟೆಯವರೆಗೆ ಏರುವುದಿಲ್ಲವಾದ್ದರಿಂದ ಈ ಬ್ರೇಕು ತಪ್ಪುವುದೇ ಇಲ್ಲವೆಂದು ಮನೆಗೆ ಬಂದವರಿಗೆಲ್ಲ ವಿವರಿಸುತ್ತಿದ್ದೆನು.

ಇಟ್ಟಿಗಿಯಲ್ಲಿ ಹೊಲ ಮಾಡಿಕೊಂಡಿದ್ದ ನನ್ನ ಭಾಮೈದ ನಕ್ಕುಬಿಟ್ಟನು. “ಮಾವ, ನಮ್ಮ ಎರಿಮಣ್ಣು ನೀವಿನ್ನೂ ನೋಡಿಲ್ಲ. ಟ್ರ್ಯಾಕ್ಟರನ್ನ ಕುಂದ್ರಸತೈತಿ ಅದು.”

ನಾನು ಒಂದು ಹಾಳೆಯಲ್ಲಿ ಕರಾರನ್ನು ಬರೆದೆನು: ಮಳೆಯ ಮರುದಿನ ಅವನ ಹೊಲದ ಇಳಿಜಾರಿನಲ್ಲಿ ಇಳಿದು, ಸುಣ್ಣದ ಗೆರೆಯೊಳಗೆ ಸೈಕಲ್ಲು ನಿಲ್ಲತಕ್ಕದ್ದು, ನಿಲ್ಲದಿದ್ದರೆ ಅದು ಅವನದು. ಸಾಕ್ಷಿಯಾಗಿ ನನ್ನ ಹೆಂಡತಿ ಸಹಿ ಹಾಕಿದಳು. “ಸೋತ್ರ ನಡಕೊಂತ ಹೋಗ್ರಿ ಸಾಲಿಗೆ” ಎಂದಳು.

ಪರೀಕ್ಷೆಯ ಹಿಂದಿನ ದಿನ ಸೈಕಲ್ಲನ್ನು ಶ್ರದ್ಧೆಯಿಂದ ಸಜ್ಜುಗೊಳಿಸಿದೆನು. ಸರಪಳಿಗೆ ಎಣ್ಣೆ, ಪೆಡಲಿಗೆ ಎಣ್ಣೆ. ತಿರುಗುವ ಲೋಹ ಯಾವುದನ್ನೂ ಬಿಡಬಾರದೆಂದು ಆ ಹೊಳೆಯುವ ತಟ್ಟೆಯ ಎರಡೂ ಮಗ್ಗುಲಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸವರಿದೆನು.

ಮರುದಿನ ಇಳಿಜಾರಿನಲ್ಲಿ ಬ್ರೇಕನ್ನು ಹಿಡಿದೆನು. ಮತ್ತೆ ಹಿಡಿದೆನು. ಗೆರೆ ಹೋಯಿತು, ಬದು ಹೋಯಿತು. ಹೊಂಡದಲ್ಲಿ ಮಲಗಿದ್ದ ಎಮ್ಮೆ ಮಾತ್ರ ಹೋಗಲಿಲ್ಲ. ಅದರ ಪಕ್ಕದಲ್ಲಿ ಎದೆಮಟ್ಟದ ರಾಡಿಯಲ್ಲಿ ಕುಳಿತೇ, ಎರೆಮಣ್ಣಿನ ಅಂಟುಗುಣದಿಂದ ಬ್ರೇಕು ಹೇಗೆ ಜಾರುತ್ತದೆಂಬುದನ್ನು ಭಾಮೈದನಿಗೆ ವಿವರಿಸತೊಡಗಿದೆನು.

“ಮದ್ಲ ಎದ್ದು ಬರ್ರಿ ಮಾವ, ಎಮ್ಮಿ ಗಾಬರಿ ಆಗೈತಿ.”

ನಾನು ಸೋಲನ್ನೊಪ್ಪಲಿಲ್ಲ. ಬ್ರೇಕು ಕೆಟ್ಟಿರಬೇಕು, ಕೆಟ್ಟ ಬ್ರೇಕಿನ ಪರೀಕ್ಷೆ ಪರೀಕ್ಷೆಯೇ ಅಲ್ಲವೆಂದು ವಾದಿಸಿ, ಅವನನ್ನೂ ಕರೆದುಕೊಂಡು ಊರಿನ ಸೈಕಲ್ ಅಂಗಡಿಗೆ ಹೋದೆನು. ರಿಪೇರಿಯವನು ಕೆಸರನ್ನು ತೊಳೆದು, ತಟ್ಟೆಯನ್ನು ಮುಟ್ಟಿ, ಬೆರಳನ್ನು ಮೂಸಿದನು.

“ಸರ್, ಇದಕ್ಕ ಎಣ್ಣಿ ಹಚ್ಚಿದವ್ರು ಯಾರ್ರಿ?”

“ನಾನೇ.”

“ಬ್ರೇಕಿಗೇ ಎಣ್ಣಿ ಹಚ್ಚಿದ್ರ ಅದು ಹೆಂಗ್ರಿ ಹಿಡಿಬೇಕು?”

ಭಾಮೈದ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕನು.

ರಿಪೇರಿಯವನು ತಟ್ಟೆಯನ್ನು ಪೆಟ್ರೋಲಿನಿಂದ ಒರೆಸಿ, ಪ್ಯಾಡುಗಳನ್ನು ಉಪ್ಪುಕಾಗದದಿಂದ ತಿಕ್ಕಿಕೊಟ್ಟನು. ಅದೇ ಇಳಿಜಾರು, ಅದೇ ಕೆಸರು: ಸೈಕಲ್ಲು ಗೆರೆಗಿಂತ ಒಂದು ಮೊಳ ಈಚೆಗೇ ನಿಂತಿತು.

“ನೋಡಿದೆಯಾ?” ಎಂದೆನು.

“ನೋಡಿದೆ ಮಾವ. ಭಾರಿ ಹಿಡಿತೈತಿ. ಕೆಟ್ಟಿದ್ರ ನಿಮಗ ಬಿಟ್ಟುಕೊಡ್ತಿದ್ದೆ. ಇಂಥಾದನ್ನ ಬಿಡಾಕ ನನಗೇನು ಹುಚ್ಚು ಹಿಡದೈತೇನು?”

ಕೆಡಿಸಿದವನು ನಾನೇ ಎಂದ ಮೇಲೆ ಸೋತವನೂ ನಾನೇ. ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟೆನು. ಅಂದು ೨೦೦೮ನೆಯ ಇಸವಿಯ ಸೆಪ್ಟೆಂಬರ್ ೧೪, ಭಾನುವಾರ.